ತಿಪ್ಪಮ್ಮ ಬಿಟ್ಟ ಜಾಗ

ನಾನು ಒಂದು ಹಾಡಿನ ಆಲ್ಬಂ. ಇರುವುದು ಅಂಗೈಯಗಲದ ಸಿ.ಡಿ.ಯಲ್ಲಿ, ಆದರೆ ಹೊಟ್ಟೆಯೊಳಗೆ ಇಡೀ ಗಿರಣಿಯ ಸಿಟ್ಟಿದೆ. ಹುಟ್ಟಿದ್ದು ದಾವಣಗೆರೆಯ ಸ್ಟುಡಿಯೋದಲ್ಲಿ. ಹೆತ್ತವಳು ತಿಪ್ಪಮ್ಮ. ಬಟ್ಟೆ ಗಿರಣಿಯಲ್ಲಿ ನೂಲು ತೆಗೆಯುತ್ತಲೇ ಹಾಡು ಕಟ್ಟಿದವಳು, ಮುಷ್ಕರವಾದಾಗಲೆಲ್ಲ ಗಿರಣಿ ಗೇಟಿನ ಮುಂದೆ ಹಾಡಿ ಹಾಡಿಯೇ ಮುದುಕಿಯಾದವಳು.

ಅವಳ ಹಾಡಿಗೊಂದು ಕ್ರಮವಿದೆ. ‘ಈ ಅಂಗಿಯ ನೂಲು ತೆಗೆದೋರ್ಯಾರು?’ ಎಂದು ಕೇಳಿ ಸುಮ್ಮನಾಗುತ್ತಾಳೆ. ಮುಂದಿನ ಮಾತು ಎದುರು ನಿಂತವರದ್ದು: ‘ನಾವೇ!’ ಸ್ಟುಡಿಯೋದಲ್ಲಿ ಎದುರಿಗೆ ಯಾರಿದ್ದರು? ಸದ್ದು ಹೀರಲೆಂದು ಗೋಡೆಗೆ ಬಡಿದ ಸ್ಪಂಜು ಕೂಗುತ್ತದೆಯೇ? ಆದರೂ ಅವಳು ಸಾಲುಸಾಲಿಗೂ ಜಾಗ ಬಿಟ್ಟೇ ಹಾಡಿದಳು.

ನಾನಿನ್ನೂ ಕಂಪ್ಯೂಟರಿನಲ್ಲಿದ್ದಾಗಲೇ ಸಿ.ಡಿ. ಕಂಪನಿಯ ನಿರಂಜನ ಆ ಜಾಗಗಳನ್ನೆಲ್ಲ ಕತ್ತರಿಸಿದ. ಉಸಿರೇ ಇಲ್ಲದ ಹಾಡಾದೆ.

“ನಡುನಡುವೆ ನಿಂತ್ರೆ ಕೆಟ್ಟಿದೆ ಅಂತ ಬಿಸಾಕ್ತಾರೆ, ತಿಪ್ಪಮ್ಮಾರೆ.”

“ನನ್ನ ಜನದ ಬಾಯಿ ಮುಚ್ಚಿಸಾಕೆ ಗಿರಣಿ ಧಣಿಗೇ ಆಗ್ಲಿಲ್ಲ, ನಿಂಗಾಗತ್ತೇನಪಾ? ಜಾಗ ಬಿಡು. ಇಲ್ಲಾಂದ್ರೆ ಅಳಿಸಿ ಒಗಿ.”

ಅಳಿಸು ಅಂದಾಗ ಜೀವ ಝಲ್ಲೆಂದಿತು. ಆದರೂ ಅವಳ ಕಡೆಯೇ ನಾನು.

ನಿರಂಜನ ಪಂಥ ಹೂಡಿದ. ಜಾಗ ಬಿಟ್ಟ ಒಂದೇ ಪ್ರತಿ ಮಾಡಿ, ಹರಿಹರದ ಬಸ್ಸಿನಲ್ಲಿ ಹಾಕುವುದು. ಜನ ಕೂಗಿದರೆ ಅವಳು ಗೆದ್ದಳು. ಕೂಗದಿದ್ದರೆ ನನ್ನನ್ನು ಅಳಿಸುವುದು. ಆ ಪ್ರತಿಯೇ ನಾನು.

ಬಸ್ಸು ಡ್ರೈವರ್ ಚಮನ್‌ಸಾಬನದು. ನಿರಂಜನ ಬಾಗಿಲ ಬಳಿ, ತಿಪ್ಪಮ್ಮ ತಲೆ ತುಂಬ ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ. ಮೊದಲ ಜಾಗ ಖಾಲಿ ಹೋಯಿತು. ಎರಡನೆಯದೂ ಹೋಯಿತು. ನಿರಂಜನ ಮೀಸೆಯಲ್ಲೇ ನಕ್ಕ. ತಿಪ್ಪಮ್ಮ ತಾನೇ ಕೂಗಿ ಮೋಸ ಮಾಡಬಹುದಿತ್ತು. ತುಟಿ ಕಚ್ಚಿ ಕೂತಳು. ಮೂರನೆಯ ಜಾಗ ಬರುತ್ತಲೇ ಕಂಡಕ್ಟರ್, “ಕೆಟ್ಟೋತು ಬಿಡೋ ಚಮನಾ!” ಎಂದು ನಾನು ತಿರುಗುತ್ತಿದ್ದ ಪೆಟ್ಟಿಗೆಗೆ ಬಡಿಯಲು ಕೈಯೆತ್ತಿದ.

ಮಂಡಕ್ಕಿ ಚೀಲದ ಮೇಲೆ ಕೂತಿದ್ದ ಹೆಂಗಸೊಬ್ಬಳು ಎದ್ದಳು. “ನಾವೇ ಕಣಲೇ! ಕೈ ತೆಗಿ ಅದ್ರ ಮ್ಯಾಲಿಂದ! ಗೇಟಿನ ಹಾಡದು!”

ಬಸ್ಸೆಲ್ಲ ನಗು. ಮುಂದಿನ ಜಾಗಕ್ಕೆ ಅರ್ಧ ಬಸ್ಸು ಕೂಗಿತು, ಅದರ ಮುಂದಿನದಕ್ಕೆ ಕಂಡಕ್ಟರನೂ ಸೇರಿ ಇಡೀ ಬಸ್ಸು. ಚಮನ್‌ಸಾಬ ಹಾರನ್ ಒತ್ತಿ ಹಿಡಿದ. ನನ್ನ ಮೈಗೆ ಆವತ್ತು ಉಸಿರು ಬಂತು. ತಿಪ್ಪಮ್ಮ ಸೆರಗು ಸರಿಸಿ ಕೇಳಿದಳು, “ಕೇಳಿಸ್ತೇನಪಾ?”

“ಇನ್ನೊಂದ್ಸಲ ಹಾಕ್ರಿ, ಚಮನಣ್ಣ,” ಅಂದ ನಿರಂಜನ.

ಆಮೇಲೆ ನನ್ನ ಒಡಹುಟ್ಟಿದವು ಊರೂರಿಗೂ ಹೋದವು, ಎಲ್ಲವೂ ಜಾಗ ಇಟ್ಟುಕೊಂಡೇ.

ಈಗ ತಿಪ್ಪಮ್ಮ ಇಲ್ಲ. ಬಸ್ಸು ಗುಜರಿಗೆ ಹೋಯಿತು. ನಾನು ಚಮನ್‌ಸಾಬನ ಟೀ ಅಂಗಡಿಯ ಮೂಲೆಯಲ್ಲಿದ್ದೇನೆ, ಮೈತುಂಬ ಗೀರು. ಮೊನ್ನೆ ಗೀರಿಗೆ ಸಿಕ್ಕಿ ಅವಳ ಪ್ರಶ್ನೆಯೇ ಕತ್ತರಿಸಿಹೋಯಿತು. ‘ಈ ಅಂಗಿಯ...’ ಅಷ್ಟೇ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಟೀ ಕುಡಿಯುತ್ತಿದ್ದವರು ತಲೆಯೆತ್ತಲೂ ಇಲ್ಲ, ಪ್ರಶ್ನೆ ಮುಗಿಯಲಿ ಎಂದು ಕಾಯಲೂ ಇಲ್ಲ. ಒಂದೇ ಬಾಯಲ್ಲಿ ಕೂಗಿದರು:

“ನಾವೇ!”