ಮೂರನೇ ನಂಬರಿನ ಹಳದಿ ಚೀಟಿ

ನಾನು ಒಂದು ಹಳದಿ ಚೀಟಿ. ಅಂಗೈಯಷ್ಟು ಅಗಲ, ಮೈಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಎದೆಯ ಮೇಲೆ ಮೂರು ಎಂಬ ಅಂಕಿ. ಧಾರವಾಡದ ಹೊರಗೆ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದಿದೆ. ಅದರ ಆಫೀಸಿನಲ್ಲಿ, ಬಿಸಿ ರೋಲರುಗಳ ನಡುವೆ ಹಾದು ಹೊರಬಂದಾಗ ನಾನು ಹುಟ್ಟಿದೆ. ನನ್ನ ಒಡಹುಟ್ಟಿದವರು ಐವರು.

ನಮ್ಮ ಕೆಲಸ ಸರಳ. ದಾಕ್ಷವ್ವ ಲೇತ್ ಯಂತ್ರದಲ್ಲಿ ಹಿತ್ತಾಳೆಯ ಬುಶ್, ಅಂದರೆ ಪಂಪಿನೊಳಗೆ ಕೂರುವ ಬಳೆ, ಕಡೆಯುತ್ತಾಳೆ. ಇಪ್ಪತ್ತು ಬುಶ್ಶಿನ ಪೆಟ್ಟಿಗೆಗೆ ಒಂದು ಚೀಟಿ. ಪೆಟ್ಟಿಗೆ ಜೋಡಣೆಯ ಸಾಲಿಗೆ ಹೋಗುತ್ತದೆ. ಅಲ್ಲಿ ಜೈನಾಬಿ ಅದರ ಮೊದಲ ಬುಶ್ ಎತ್ತಿಕೊಂಡ ಕೂಡಲೇ ಚೀಟಿ ಬಿಡಿಸಿ ಲೇತಿನ ಪಕ್ಕದ ಮೊಳೆಗೆ ತೂಗುಹಾಕುತ್ತಾಳೆ. ಚೀಟಿ ಬಂದರೆ ಇನ್ನಿಪ್ಪತ್ತು ಮಾಡಬೇಕು, ಬರದಿದ್ದರೆ ಕೈಕಟ್ಟಿ ನಿಲ್ಲಬೇಕು. ಮುಂದಿನವರು ಕೇಳಿದಷ್ಟು, ಕೇಳಿದಾಗ ಮಾತ್ರ. ಚೀಟಿಯಿಲ್ಲದ ಪೆಟ್ಟಿಗೆ ಕಂಡರೆ ಅದು ನೇರ ಗುಜರಿಗೆ. ಜಪಮಾಲೆಯ ಮಣಿಗಳ ಹಾಗೆ ನಾವು ಆರೂ ಜನ ದಿನವಿಡೀ ಸುತ್ತುತ್ತಿದ್ದೆವು. ದಾಕ್ಷವ್ವ ಪುರಾಣದ ಪದವೊಂದನ್ನು ಗುನುಗುತ್ತ, ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡೇ ನನ್ನನ್ನು ಮುಟ್ಟುತ್ತಿದ್ದಳು.

ಬುಶ್ ಸಾಲದೆ ಸಾಲು ನಿಂತರೆ ಲೇತಿನ ನೆತ್ತಿಯ ಮೇಲೆ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿದಾಗ ಎಲ್ಲರೂ ಓಡಿಬಂದು ಕಾರಣ ಹುಡುಕಬೇಕೆಂದು ಗೋಡೆಯ ಮೇಲೆ ಬರೆದಿದೆ. ಓಡಿಬರುತ್ತಿದ್ದವರು ಸೂಪರ್‌ವೈಸರ್ ಇಟಗಿ ಸಾಹೇಬರೊಬ್ಬರೇ. ಅವರು ಹುಡುಕುತ್ತಿದ್ದದ್ದು ಹೆಸರನ್ನು.

ದಾಕ್ಷವ್ವ ಏಳು ವರ್ಷದಿಂದ ಗುತ್ತಿಗೆಯವಳು. ಆರು ತಿಂಗಳು ತನ್ನ ಲೇತಿನ ದೀಪ ಹತ್ತದಿದ್ದರೆ ಅವಳು ಕಾಯಂ. ಹತ್ತಿದರೆ ಮತ್ತೆ ಮೊದಲಿನಿಂದ ಎಣಿಕೆ.

ಅವಳ ಎಣಿಕೆ ಶುರುವಾದ ಮೇಲೆಯೇ ಸಾಹೇಬರು ಚೀಟಿ ಕಡಿಮೆ ಮಾಡತೊಡಗಿದರು. ಹದಿನೈದು ದಿನಕ್ಕೊಮ್ಮೆ ಬಂದು, ಮೊಳೆಯಿಂದ ಒಬ್ಬನನ್ನು ಎತ್ತಿಕೊಂಡು ಅಲ್ಲೇ ಕತ್ತರಿಯಿಂದ ಎರಡು ತುಂಡು ಮಾಡುತ್ತಿದ್ದರು. "ಮಾಲು ಕಡಿಮಿ ಆದ್ರ ತೊಂದ್ರಿ ಎಲ್ಲೈತಿ ಅಂತ ತಾನ ಕಾಣ್ತೈತಿ" ಎನ್ನುವರು. ಎರಡು ತಿಂಗಳಲ್ಲಿ ನಾನು ಮತ್ತು ಐದನೇ ನಂಬರಿನವನು ಇಬ್ಬರೇ ಉಳಿದೆವು.

ತೊಂದರೆ ಎಲ್ಲಿದೆಯೆಂದು ದಾಕ್ಷವ್ವನಿಗೆ ಮೊದಲೇ ಗೊತ್ತಿತ್ತು.

"ಲೇತಿನ ಬೆಲ್ಟ್ ಸವದೈತ್ರಿ ಸಾಹೇಬ್ರ. ಇವತ್ತಲ್ಲ ನಾಳೆ ಹರಿತೈತಿ."

"ದೀಪ ಹತ್ತಲಿ, ಆಮ್ಯಾಲೆ ನೋಡೂಣು."

"ಹತ್ತಿದ್ರ ನನ್ನ ಕಾಯಂ ಹೋಗ್ತೈತ್ರಿ."

"ಹಂಗಾರ ಹತ್ತಸಬ್ಯಾಡ."

ಆ ಶನಿವಾರ ದಾಕ್ಷವ್ವ ನನ್ನನ್ನು ರೊಟ್ಟಿಯ ಡಬ್ಬಿಯಲ್ಲಿ ಮುಚ್ಚಿಟ್ಟು ಹೊರಗೆ ಒಯ್ದಳು. ಝೆರಾಕ್ಸ್ ಅಂಗಡಿಯವನು ನನ್ನನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಇದೇನ್ರಿ ಅಕ್ಕಾರ, ಲಾಟರಿ ತಿಕೀಟೇನು?"

"ನೌಕರಿ ತಿಕೀಟಪಾ. ಬಣ್ಣ ಚಂದಗ ಬರ್ಲಿ."

ಹಾಗೆ ನನಗೊಬ್ಬ ಅವಳಿ ಹುಟ್ಟಿದ. ಅದೇ ಹಳದಿ, ಅದೇ ಮೂರು. ಸೋಮವಾರ ದಾಕ್ಷವ್ವ ಊಟದ ಹೊತ್ತಿನಲ್ಲಿ ನಿಂತು ಇಪ್ಪತ್ತು ಬುಶ್ ಹೆಚ್ಚಿಗೆ ಕಡೆದಳು. ಆ ಪೆಟ್ಟಿಗೆಗೆ ಅವಳಿಯನ್ನು ಸಿಕ್ಕಿಸಿ ಲೇತಿನ ಬುಡದಲ್ಲಿ, ಗೋಣಿಚೀಲದ ಹಿಂದೆ ಇಟ್ಟಳು. ಜೈನಾಬಿಗೆ ಮಾತ್ರ ಹೇಳಿದಳು.

ಆರು ತಿಂಗಳಿಗೆ ಎಂಟು ದಿನ ಬಾಕಿಯಿದ್ದಾಗ ಬೆಲ್ಟ್ ಹರಿಯಿತು. ಮೆಕ್ಯಾನಿಕ್ ಬಂದು ಅದನ್ನೇ ಹೊಲಿದು ಓಡಿಸುವಷ್ಟರಲ್ಲಿ ನಲವತ್ತು ನಿಮಿಷವಾಯಿತು. ಸಾಲಿನಲ್ಲಿದ್ದದ್ದು ಅರ್ಧ ಗಂಟೆಯ ಮಾಲು. ಅದು ಮುಗಿಯುವ ಹೊತ್ತಿಗೆ ಗೋಣಿಚೀಲದ ಹಿಂದಿನ ಪೆಟ್ಟಿಗೆ ಜೈನಾಬಿಯ ಕೈ ಸೇರಿತ್ತು. ಸಾಲು ನಿಲ್ಲಲಿಲ್ಲ. ದೀಪ ಹತ್ತಲಿಲ್ಲ.

ಸಂಜೆ ಸಾಹೇಬರು ಎಲ್ಲರನ್ನೂ ಸೇರಿಸಿ ಚಪ್ಪಾಳೆ ಹೊಡೆಸಿದರು.

"ಲೇತ್ ನಲವತ್ತ ನಿಮಿಷ ನಿಂತಿತ್ತು. ಸಾಲು ಒಂದ ನಿಮಿಷಾನೂ ನಿಲ್ಲಲಿಲ್ಲ. ಏನ ಪವಾಡ ಇದು, ನನಗೂ ಒಂದಿಷ್ಟು ಹೇಳ್ರಿ" ಎಂದು ನಕ್ಕರು.

ಅದನ್ನು ಹೊಗಳಿಕೆಯೆಂದೇ ತಿಳಿದಳು ಜೈನಾಬಿ. ಗೆಳತಿಯ ಹೆಗಲ ಮೇಲೆ ಕೈಯಿಟ್ಟು, "ನಮ್ಮ ದಾಕ್ಷವ್ವ ನಿಮಗಿಂತ ಶಾಣ್ಯಾಕಿ ಅದಾಳ್ರಿ ಸಾಹೇಬ್ರ. ಬುಡಕ ಒಂದ ಪೆಟಿಗಿ ಯಾವಾಗಲೂ ಇಟ್ಟಿರ್ತಾಳ" ಎಂದಳು.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಗುತ್ತಲೇ ಹೋಗಿ ಮೊಳೆಯಿಂದ ನನ್ನನ್ನು, ಗೋಣಿಚೀಲದ ಹಿಂದೆ ಮರಳಿಟ್ಟಿದ್ದ ಖಾಲಿ ಪೆಟ್ಟಿಗೆಯಿಂದ ಅವಳಿಯನ್ನು ಬಿಡಿಸಿ ತಂದರು.

"ಇದರಾಗ ಖರೇದು ಯಾವುದು?"

ದಾಕ್ಷವ್ವ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡಳು. ಅವರು ನಮ್ಮಿಬ್ಬರನ್ನೂ ಬೆಳಕಿಗೆ ಹಿಡಿದು ನೋಡಿ, ಹೊಸದಾಗಿ ಹೊಳೆಯುತ್ತಿದ್ದ ಅವಳಿಯನ್ನು ಮೊಳೆಗೆ ಹಾಕಿದರು. ಎಣ್ಣೆ ಮೆತ್ತಿದ್ದ ನನ್ನನ್ನು ಜೇಬಿಗಿಳಿಸಿದರು.

"ನಾಳಿಂದ ಬರಬ್ಯಾಡ" ಎಂದರು, ಹವೆಯ ಬಗ್ಗೆ ಹೇಳುವಷ್ಟೇ ಮೆತ್ತಗೆ.

ದಾಕ್ಷವ್ವ ಕೇಳಿದ್ದು ಒಂದೇ ಮಾತು. "ಇವತ್ತ ದೀಪ ಹತ್ತಿದ್ರ ನನ್ನ ಕಾಯಂ ಮಾಡ್ತಿದ್ರೇನ್ರಿ?"

"ಇಲ್ಲ. ಬೆಲ್ಟ್ ಬದಲಿ ಮಾಡಸ್ತಿದ್ದೆ."

ಮರುದಿನ ಬೆಳಿಗ್ಗೆ ಹೊಸ ಬೆಲ್ಟ್ ಬಂತು. ಲೇತಿನ ಮುಂದೆ ಹೊಸಬಳೊಬ್ಬಳು ನಿಂತಳು; ಅವಳ ಆರು ತಿಂಗಳು ಅಂದೇ ಶುರುವಾಯಿತು. ತಪ್ಪು ಬಯಲಿಗೆ ತಂದದ್ದಕ್ಕೆಂದು ಜೈನಾಬಿಯನ್ನು ಕಾಯಂ ಮಾಡಿದರು. ಆರ್ಡರ್ ಕಾಗದ ಕೊಡುವಾಗ ಮತ್ತೆ ಚಪ್ಪಾಳೆ ಹೊಡೆಸಿದರು. ಮನೆಯಲ್ಲಿ ನಾಲ್ಕು ಹೊಟ್ಟೆ. ಅವಳು ತಲೆ ತಗ್ಗಿಸಿ ತೆಗೆದುಕೊಂಡಳು.

ನಾನೀಗ ಕ್ಯಾಂಟೀನಿನ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಕೆಳಗೆ 'ನಕಲಿ' ಎಂದು ಬರೆದಿದೆ. ಹೊಸಬರನ್ನು ಕರೆತಂದು ನನ್ನನ್ನು ತೋರಿಸುತ್ತಾರೆ. ಅವಳಿ ಆಚೆ ಸುತ್ತುತ್ತಲೇ ಇದ್ದಾನೆ. ಅವನನ್ನು ನಂಬಿ ಇಪ್ಪತ್ತಿಪ್ಪತ್ತಾಗಿ ಬುಶ್ ಹುಟ್ಟುತ್ತವೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದವರಿಗೆ ಕೇಳಿದಷ್ಟು ಕೊಡಿಸುವುದೇ ನನ್ನ ಹುಟ್ಟಿನ ಧರ್ಮವಾಗಿತ್ತು. ದಾಕ್ಷವ್ವ ಏಳು ವರ್ಷ ಕೇಳಿದ್ದನ್ನು ಕೊಡಿಸುವ ಚೀಟಿಯನ್ನು ಮಾತ್ರ ಇಲ್ಲಿ ಯಾರೂ ಅಚ್ಚು ಹಾಕಿರಲಿಲ್ಲ.

ಮಧ್ಯಾಹ್ನ ಜೈನಾಬಿ ಡಬ್ಬಿ ಹಿಡಿದು ಬರುತ್ತಾಳೆ. ಎದುರಿನ ಬೆಂಚು ಖಾಲಿಯಿದ್ದರೂ, ನನಗೆ ಬೆನ್ನು ಮಾಡಿ ಕೂತು ಉಣ್ಣುತ್ತಾಳೆ.