ಕರಡಿಗೆಯೊಳಗಿನ ಲಿಂಗ

ಕೆಂಗೇರಿಯ ತವರುಮನೆಯನ್ನು ತಮ್ಮ ಗಂಗಾಧರಯ್ಯ ಮ್ಯೂಸಿಯಂ ಮಾಡಲು ಕೊಟ್ಟಾಗಲೇ ಜಗದಾಂಬಾ ಮೂಗು ಮುರಿದಿದ್ದಳು. ಅಮ್ಮನ ಬಾಣಂತಿ ಕೋಣೆಯನ್ನು ಊರವರೆಲ್ಲ ಟಿಕೆಟ್ ಕೊಂಡು ನೋಡುವುದು ಯಾವ ಸೀಮೆಯ ಚೆಂದ? ಆದರೂ ಅದರ ಬಾಗಿಲು ತೆರೆದಾಗ, ಎಪ್ಪತ್ತೈದರ ವಯಸ್ಸಿನಲ್ಲೂ ರಾಜಾಜಿನಗರದಿಂದ ಬಸ್ಸು ಹತ್ತಿ ಹೋದಳು. ತೂಗುಮಂಚ, ಗ್ರಾಮಫೋನು, ಕಡಗೋಲು ಎಲ್ಲ ಅಂದಿನ ಹಾಗೆಯೇ ಇದ್ದವು. ಪೂಜೆಯ ಕೋಣೆಗೆ ಬಂದಾಗ ಮಾತ್ರ ಗಕ್ಕನೆ ನಿಂತಳು.

ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡಿತ್ತು. ಒಳಗೆ ಕಪ್ಪಗೆ ಮಿನುಗುವ ಇಷ್ಟಲಿಂಗ. ಕೆಳಗೆ ಚೀಟಿ: ‘ಯಜಮಾನ ರೇವಣಸಿದ್ದಯ್ಯನವರು ಧರಿಸುತ್ತಿದ್ದದ್ದು.’

ಕರಡಿಗೆ ಮನೆಯಲ್ಲಿ ಉಳಿಯಬಹುದು, ಲಿಂಗ ಉಳಿಯುವಂತಿಲ್ಲ. ಅದು ಸತ್ತವರ ಅಂಗೈಯಲ್ಲಿ ಕೂತು ಮಣ್ಣಿಗೆ ಹೋಗಬೇಕು. ಹಾಗಾದರೆ ಅಪ್ಪ ಬರಿಗೈಯಲ್ಲಿ ಹೋದರೇ? ಅಂದು ಅವಳು ದಾವಣಗೆರೆಯ ಗಂಡನ ಮನೆಯಿಂದ ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಎಲ್ಲ ಮಾಡಿದವನು ತಮ್ಮ. ಬೆಳ್ಳಿಯ ಆಸೆಗೆ ಕರಡಿಗೆ ಬಿಚ್ಚಿಕೊಂಡು, ಆತುರದಲ್ಲಿ ಲಿಂಗವನ್ನೂ ಒಳಗೇ ಬಿಟ್ಟನೇನೋ.

ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜಗದಾಂಬಾ ಕೇಳುವ ಪೈಕಿಯಲ್ಲ, ಕಣ್ಣಿಡುವ ಪೈಕಿ. ಮಕ್ಕಳಿಲ್ಲದ ಅವಳು ಗಂಡ ಹೋದ ಮೇಲೆ ರಾಜಾಜಿನಗರದ ತಮ್ಮನ ಮನೆಯಲ್ಲೇ ಇದ್ದಳು. ಕಣ್ಣಿಡುವುದಕ್ಕೆ ಅನುಕೂಲವೂ ಆಯಿತು. ಅವನು ನಕ್ಕರೆ ಏನೋ ಮುಚ್ಚಿಡುತ್ತಿದ್ದಾನೆ, ಸುಮ್ಮನೆ ಕೂತರೆ ಪಾಪ ಕಾಡುತ್ತಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮನೆ ಕೊಟ್ಟ ಮೇಲೆ ಗಂಗಾಧರಯ್ಯ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಸಂಕಟವಾಗುತ್ತದೆ ಎನ್ನುತ್ತಿದ್ದ. ಅದೂ ಅವಳಿಗೆ ಸಾಕ್ಷಿಯೇ. ಶ್ರಾವಣದ ಒಂದು ಸೋಮವಾರ ಹಟ ಹಿಡಿದು ಕರೆತಂದು, ಗಾಜಿನ ಮುಂದೆ ನಿಲ್ಲಿಸಿದಳು.

“ಇದು ಯಾರದ್ದೋ ಗಂಗಾಧರ? ಅಪ್ಪನ ಕೈಯಲ್ಲಿ ಏನಿಟ್ಟೆ ಹೇಳು.”

ಅವನ ಮುಖ ಬಿಳುಚಿಕೊಂಡಿತು. ಸಿಕ್ಕಿಬಿದ್ದ ಎಂದುಕೊಂಡಳು ಜಗದಾಂಬಾ.

ಮ್ಯೂಸಿಯಂ ನೋಡಿಕೊಳ್ಳುವ ನಾಗರಾಜು ಮಾತು ಕೇಳಿ ಓಡಿಬಂದ. “ಅದು ನಾನು ತಂದಿಟ್ಟಿದ್ದಮ್ಮ. ಬರೀ ಡಬ್ಬಿ ಬೋಳುಬೋಳಾಗಿ ಕಾಣ್ತಿತ್ತು. ಚಿಕ್ಕಪೇಟೆ ಅಂಗಡೀದು. ನಿಮ್ಮವರಲ್ಲಿ ಹಂಗೆ ಇಡಬಾರ್ದಾ?”

ಅಪ್ಪ ಬರಿಗೈಯಲ್ಲಿ ಹೋಗಿರಲಿಲ್ಲ. ಜಗದಾಂಬಾಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ತಮ್ಮನ ಕಡೆ ತಿರುಗಿದಳು.

ಅವನು ನಗಲಿಲ್ಲ. “ಅಪ್ಪನ ಕೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಸಿದ್ದು ನಾನೇ ಅಕ್ಕ. ನಿಂಗೂ ನಾನೇ ಇಡ್ಬೇಕು ಅಂದ್ಕೊಂಡಿದ್ದೆ.” ಬಾಗಿಲ ಕಡೆ ತಿರುಗಿದ. “ನಂಬಿಕೆ ಇಲ್ದಿದ್ರೆ ಈಗ್ಲೇ ಬೇರೆ ಯಾರಿಗಾದ್ರೂ ಹೇಳಿಡು.”

ಹೇಳಿಡಲು ಅವಳಿಗೆ ಬೇರೆ ಯಾರೂ ಇರಲಿಲ್ಲ.