ಮಾಸ್ತಿಯಮ್ಮನ ಕುಳಿ

ಸಂಪತ್ ಕುಮಾರ ಮೈಸೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ. ೧೯೭೭ರ ದಸರಾ ರಜೆಗೆ ಸ್ವಲ್ಪ ಮುಂಚೆ ಹರಾಜಿನಲ್ಲಿ ಒಂದು ಹಳೇ ಆಂಬುಲೆನ್ಸ್ ವ್ಯಾನು ಕೊಂಡು, ಒಳಗೆ ಎರಡು ಮಂಚ, ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು ಕೂರಿಸಿದ. ರಜೆಯಿಡೀ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಮಂಡ್ಯ ಸೀಮೆಯ ಹಳೇ ಕಲ್ಲುಗಳನ್ನೆಲ್ಲ ನೋಡಿಬರುವುದು ಅವನ ಆಸೆ. "ಹೆಣ ಹೊತ್ತ ಗಾಡೀಲಿ ಅನ್ನ ಬೇಯಿಸ್ಕೊಂಡು ತಿಂತೀರೇನೋ?" ಎಂದು ಅವನ ತಾಯಿ ತಿರುಮಲಮ್ಮ ಬೇಸರಪಟ್ಟುಕೊಂಡರು. ಹೆಂಡತಿ ವೇದವತಿ ನಕ್ಕು, ಪುಳಿಯೋಗರೆ ಗೊಜ್ಜಿನ ಭರಣಿ ಎತ್ತಿಕೊಂಡು ಹತ್ತಿ ಕೂತಳು.

ಬಸರಾಳಿನ ದೇವಸ್ಥಾನ ನೋಡಿಕೊಂಡು, ದುದ್ದದ ಕೆರೆ ಏರಿಯ ಮೇಲೆ ತಂಗಿ, ಅವರು ಮಳವಳ್ಳಿಗೆ ಬಂದರು. ಅಲ್ಲಿ ಪೇಟೆಯ ಹಿಂದಿನ ಹಳೇ ಛತ್ರದಲ್ಲಿ ತಿರುನಾರಾಯಣ ಎಂಬ ನಿವೃತ್ತ ಅಧಿಕಾರಿಯೊಬ್ಬರು ಸ್ವಂತ ವಸ್ತುಸಂಗ್ರಹಾಲಯ ನಡೆಸುತ್ತಿದ್ದರು. ಬಿಳಿ ಪಂಚೆ, ಮೆಲುದನಿ. ಕತ್ತಿ, ತಾಮ್ರದ ಪಾತ್ರೆ, ಓಲೆಗರಿ, ಮುರಿದ ವಿಗ್ರಹಗಳನ್ನೆಲ್ಲ ತಾವೇ ಮುಂದೆ ನಿಂತು ವಿವರಿಸಿದರು. ಸಂಪತ್ ಮೈಮರೆತು ಕೇಳುತ್ತಿದ್ದ.

ವೇದವತಿ ಹಿಂದಿನ ಕೋಣೆಯ ಬಾಗಿಲು ಅರೆ ತೆರೆದಿದ್ದುದನ್ನು ಕಂಡು ಇಣುಕಿದಳು. ಗೋಡೆಗೆ ಒರಗಿಸಿದ್ದ ಒಂದು ಮಾಸ್ತಿಕಲ್ಲು. ಗಂಡನ ಚಿತೆಯೇರಿದವಳ ಬಳೆ ತೊಟ್ಟ ಕೈ ಮೇಲಕ್ಕೆದ್ದು ನಿಂತಿತ್ತು. ಬೆರಳ ಸಂದಿಯಲ್ಲಿ ಇನ್ನೂ ಮಾಸದ ಅರಿಶಿನ. ಪಾದದ ಬಳಿ ಬಾಡಿದ ಕಣಗಿಲೆ ಹೂವು. ಪೂಜೆ ನಿಂತು ಹೆಚ್ಚು ದಿನವಾಗಿರಲಿಲ್ಲ.

"ಇದು ಎಲ್ಲಿಯದು?" ಎಂದಳು.

"ಕಾಡಿನಲ್ಲಿ ಅನಾಥವಾಗಿ ಬಿದ್ದಿತ್ತು ತಾಯಿ. ತಂದು ಕಾಪಾಡಿದೆ," ಎಂದು ತಿರುನಾರಾಯಣ ಬಾಗಿಲು ಎಳೆದುಕೊಂಡು ಚಿಲಕ ಹಾಕಿದರು.

ಹಲಗೂರು ದಾಟಿದ ಮೇಲಿನ ಕಾಡಿನಲ್ಲಿ, ಹಳೇ ದಾರಿಯುದ್ದಕ್ಕೂ ವೀರಗಲ್ಲುಗಳಿವೆಯಂತಲ್ಲ ಎಂದು ಸಂಪತ್ ಕೇಳಿದಾಗ ಅವರ ಮುಖ ಬಿಗಿಯಾಯಿತು. "ಅಲ್ಲಿಗೆ ಬೇಡಿ. ಆನೆ ಕಾಟ. ಹೋದ ತಿಂಗಳು ಕೆಂಪಯ್ಯ ಅನ್ನೋನನ್ನ ತುಳಿದುಹಾಕಿತು." ಆಮೇಲೆ ಬಾಗಿಲವರೆಗೂ ಬಂದು, ವ್ಯಾನನ್ನು ದಿಟ್ಟಿಸಿ ನೋಡಿ ಕೇಳಿದರು: "ಹೋಗೋದೇ ಆದ್ರೆ, ರಾತ್ರಿ ಎಲ್ಲಿ ನಿಲ್ಲಿಸ್ತೀರಿ?"

ಸಂಪತ್ ಹಟಮಾರಿ. ಮಧ್ಯಾಹ್ನದ ಹೊತ್ತಿಗೆ ಅವರು ಕಾಡಿನ ಅಂಚಿನಲ್ಲಿ ವ್ಯಾನು ನಿಲ್ಲಿಸಿ ನಡೆಯತೊಡಗಿದ್ದರು. ಮೊದಲ ವೀರಗಲ್ಲು ಕಮರದ ಮರದ ಕೆಳಗಿತ್ತು. ಹುಲಿಯ ಬಾಯಿಗೆ ಕತ್ತಿ ತೂರಿಸಿದ ಗಂಡಾಳು. ಮುಂದೆ ಬಿಲ್ಲುಗಾರ, ಅವನಾಚೆ ದನ ಕಾಯಲು ಹೋಗಿ ಸತ್ತವನು. ಸಂಪತ್ ಮಗುವಿನ ಹಾಗೆ ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದ. ಒಂದು ಹಕ್ಕಿಯ ಸದ್ದೂ ಇಲ್ಲ. ವೇದವತಿಯ ಕಣ್ಣು ಮಾತ್ರ ನೆಲದ ಮೇಲಿತ್ತು. ಕಾಲುದಾರಿಯಲ್ಲಿ ಲಾರಿ ಚಕ್ರದ ಗುರುತು ಆಳವಾಗಿ ಕೂತಿತ್ತು.

ತಿರುವಿನಲ್ಲಿ ಒಂದು ವೀರಗಲ್ಲು ಮಕಾಡೆ ಬಿದ್ದಿತ್ತು. ಅದಕ್ಕೆ ಹೊಸ ಹಗ್ಗ ಸುತ್ತಿತ್ತು. ಅದರಾಚೆ ಒಂದು ಕುಳಿ. ಅಗೆದ ಮಣ್ಣು ಇನ್ನೂ ಕೆಂಪಗಿತ್ತು. ಕುಳಿಯ ಅಂಚಿನಲ್ಲಿ ಕುಂಕುಮ, ಒಡೆದ ಹಣತೆ.

"ರೀ, ಇಲ್ಲಿದ್ದದ್ದೇ ಆ ಮ್ಯೂಸಿಯಮ್ಮಿನಲ್ಲಿರೋ ಕಲ್ಲು," ಎಂದಳು ವೇದವತಿ.

"ಇನ್ನೂ ಏನ್ ಕೀಳಕ್ಕೆ ಬಂದಿದ್ದೀರಿ?"

ಲಂಟಾನದ ಪೊದೆಯ ಹಿಂದಿನಿಂದ ಹೆಂಗಸೊಬ್ಬಳು ಎದ್ದು ನಿಂತಳು. ಬರಿಗೊರಳು, ಬರಿಹಣೆ, ಕೈಯಲ್ಲಿ ಕುಡುಗೋಲು. ತಾವು ಬರೀ ನೋಡಲು ಬಂದವರೆಂದು ಅವಳನ್ನು ನಂಬಿಸಲು ವೇದವತಿಗೆ ಬಹಳ ಹೊತ್ತು ಹಿಡಿಯಿತು. ಅವಳು ಮಾಯಮ್ಮ, ಸತ್ತ ಕೆಂಪಯ್ಯನ ಹೆಂಡತಿ.

"ಮಾಸ್ತಿಯಮ್ಮ ನಮ್ಮ ಮನೆದ್ಯಾವ್ರು ಕಣವ್ವ. ಲಾರಿ ತಂದು ಕಿತ್ರು. ನಮ್ಮೆಜಮಾನ ಅಡ್ಡ ನಿಂತ್ಕಂಡ. ಮಾರನೆ ದಿನ ಹಳ್ಳದಲ್ಲಿ ಬಿದ್ದಿದ್ದ. ಆನೆ ತುಳೀತು ಅಂದ್ರು." ಅವಳು ತನ್ನ ಎರಡು ಮಣಿಕಟ್ಟುಗಳನ್ನೂ ಜೋಡಿಸಿ ಹಿಡಿದಳು. "ಇಲ್ಲಿ ಹಗ್ಗದ ಬರೆ ಇತ್ತು. ನಾನೇ ನೀರು ಹುಯ್ದು ತೊಳ್ದೋಳು. ಆನೆ ಕೈ ಕಟ್ಟಿ ತುಳೀತದಾ, ನೀನೇ ಹೇಳವ್ವ?"

"ಯಾರಿಗೂ ಹೇಳಲಿಲ್ವೇ?"

"ಊರ್ನೋರು ಬಾಯಿ ಬುಡ್ಲಿಲ್ಲ. ಆ ಮಳವಳ್ಳಿ ಛತ್ರದಯ್ಯಂಗೆ ಎದ್ರಿ ಸಾಯ್ತಾರೆ."

ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು. ಮಾಯಮ್ಮ ಕ್ಷಣದಲ್ಲಿ ಪೊದೆಯೊಳಗೆ ಮಾಯವಾದಳು. ತಿರುನಾರಾಯಣ ಇಳಿದು ಬಂದರು. ಜೊತೆಗೆ ಮರಿಸಿದ್ದಯ್ಯನೆಂಬ ದಪ್ಪ ಕತ್ತಿನ ಡ್ರೈವರು. ಬಿದ್ದ ಕಲ್ಲನ್ನಾಗಲೀ ಹಗ್ಗವನ್ನಾಗಲೀ ಅವರು ನೋಡಲೇ ಇಲ್ಲ.

"ಇಲ್ಲಿ ಯಾರಾದ್ರೂ ಹೆಂಗಸು ಸಿಕ್ಕಳೇ? ಪಾಪ, ಗಂಡ ಸತ್ತು ತಲೆ ಕೆಟ್ಟಿದೆ."

"ಯಾರೂ ಇಲ್ಲ," ಎಂದಳು ವೇದವತಿ, ಗಂಡ ಬಾಯಿ ತೆರೆಯುವ ಮೊದಲೇ.

"ಒಳ್ಳೇದಾಯ್ತು. ಈಗ ನಮ್ಮ ಮನೆಗೆ ಬನ್ನಿ. ಊಟ ಅಲ್ಲೇ, ಮಲಗೋದೂ ಅಲ್ಲೇ. ಬೇಡ ಅನ್ನಬಾರದು. ಜೀಪಿನ ಹಿಂದೆಯೇ ಬಂದ್ಬಿಡಿ."

ಅವರು ವ್ಯಾನಿಗೆ ಮರಳಿದಾಗ ಹಿಂಬಾಗಿಲು ಸ್ವಲ್ಪ ತೆರೆದಿತ್ತು. ಮಂಚದ ಕೆಳಗೆ ಮಾಯಮ್ಮ ಮುದುಡಿ ಮಲಗಿದ್ದಳು. ಅಡ್ಡದಾರಿಯಲ್ಲಿ ಓಡಿಬಂದಿದ್ದ ಅವಳ ಏದುಸಿರು ಹೊರಗೂ ಕೇಳುವಂತಿತ್ತು. ಸಂಪತ್ ಬಿಳಿಚಿಕೊಂಡ. ವೇದವತಿ ಏನೂ ಕಾಣದವಳ ಹಾಗೆ ಬಾಗಿಲು ಹಾಕಿ ಮುಂದೆ ಬಂದು ಕೂತಳು.

ಹಲಗೂರಿನಲ್ಲಿ ಜೀಪು ಮಳವಳ್ಳಿಯ ಕಡೆ ಹೊರಳಿತು. "ತಿರುಗಿಸಿ, ಮದ್ದೂರಿಗೆ," ಎಂದಳು ವೇದವತಿ. "ಅಲ್ಲಿಂದ ಮಂಡ್ಯಕ್ಕೆ. ಪೊಲೀಸ್ ದೊಡ್ಡ ಸಾಹೇಬರ ಹತ್ತಿರವೇ ಹೋಗೋಣ."

ಸಂಪತ್ ತಿರುಗಿಸಿದ. ಕಬ್ಬಿನ ಗದ್ದೆಗಳ ನಡುವೆ ಸ್ವಲ್ಪ ದೂರ ಹೋಗುವಷ್ಟರಲ್ಲೇ ಕನ್ನಡಿಯಲ್ಲಿ ಜೀಪು ಕಾಣಿಸಿತು. ಅದು ಹಾರನ್ ಮಾಡಲಿಲ್ಲ, ಮುಂದೆ ಬರಲೂ ಇಲ್ಲ. ಅದೇ ಅಂತರ ಉಳಿಸಿಕೊಂಡು ಬರುತ್ತಿತ್ತು. ಮದ್ದೂರಿನ ಪೇಟೆಯಲ್ಲೂ ಹಿಂದೆಯೇ ಇತ್ತು.

"ಅವಳನ್ನ ಇಲ್ಲೇ ಇಳಿಸಿಬಿಡೋಣ ವೇದ," ಎಂದ ಸಂಪತ್. "ನಮಗ್ಯಾಕೆ ಇದೆಲ್ಲ?"

"ಇಳಿಸೋದಾದ್ರೆ ನನ್ನನ್ನೂ ಇಳಿಸಿ."

ಅವನು ಗಾಡಿ ನಿಲ್ಲಿಸದೆ ಮುಂದೆ ಬಿಟ್ಟ.

ಹನಕೆರೆಯ ಹತ್ತಿರ ರೈಲು ಗೇಟು ಹಾಕಿತ್ತು. ಮುಂದೆ ಜನ ತುಂಬಿದ ಬಸ್ಸು, ಕಬ್ಬಿನ ಗಾಡಿಗಳ ಸಾಲು. ಹೊತ್ತು ಮುಳುಗುತ್ತಿತ್ತು. ಜೀಪು ಅವರ ಬೆನ್ನಿಗೇ ಬಂದು ನಿಂತಿತು. ತಿರುನಾರಾಯಣ ನಿಧಾನವಾಗಿ ನಡೆದುಬಂದು ಕಿಟಕಿಯ ಮೇಲೆ ಕೈಯಿಟ್ಟರು.

"ದಾರಿ ತಪ್ಪಿದ್ರಿ ಮೇಷ್ಟ್ರೇ," ಎಂದರು, ಅದೇ ಮೆಲುದನಿಯಲ್ಲಿ. "ಆ ಹುಚ್ಚಿ ಒಳಗಿಲ್ಲದಿದ್ರೆ ನೀವು ಈ ಕಡೆ ಹೊರಳ್ತಿರಲಿಲ್ಲ. ಅವಳನ್ನ ಇಳಿಸಿ ಹೊರಡಿ. ನೀವು ಪಾಠ ಹೇಳೋ ಕಾಲೇಜು ಯಾವುದು ಅಂತ ನನಗೆ ಗೊತ್ತು."

ಮರಿಸಿದ್ದಯ್ಯ ಆಗಲೇ ಹಿಂಬಾಗಿಲಿಗೆ ಕೈ ಹಾಕಿದ್ದ. ಸಂಪತ್ ಕೆಳಗಿಳಿದ. ಅವನು ಏನು ಮಾಡುತ್ತಾನೆಂದು ವೇದವತಿಗೆ ಆ ಕ್ಷಣ ತಿಳಿಯಲಿಲ್ಲ. ಅವನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮರಿಸಿದ್ದಯ್ಯ ಕೆನ್ನೆಗೆ ಬಿಗಿದ ಏಟಿಗೆ ಕನ್ನಡಕ ಹಾರಿಹೋಯಿತು, ಅವನು ಕದಲಲಿಲ್ಲ. ವೇದವತಿ ಹಾರನ್ ಒತ್ತಿ ಹಿಡಿದಳು. ಬಸ್ಸಿನಿಂದ ತಲೆಗಳು ಹೊರಬಂದವು. ಗಾಡಿಯವರು ಇಳಿದು ಬಂದರು.

"ಯಾಕ್ಲಾ ಒಡೀತೀಯ ಆವಯ್ಯಂಗೆ?" ಎಂದು ಯಾರೋ ಗದರಿದರು.

ಆಗ ಮಾಯಮ್ಮ ತಾನೇ ಪಕ್ಕದ ಬಾಗಿಲಿಂದ ಇಳಿದು, ಗುಂಪಿನ ನಡುವೆ ಹೋಗಿ ನಿಂತಳು. "ನನ್ ಗಂಡನ್ನ ಕೈ ಕಟ್ಟಿ ಸಾಯ್ಸವ್ರೆ. ನಮ್ಮ ಮಾಸ್ತಿಯಮ್ಮನ್ನ ಕಿತ್ಕಂಡು ಓಗವ್ರೆ. ಈಗ ನನ್ನೂ ಒತ್ಕಂಡೋಗಕ್ಕೆ ಬಂದವ್ರೆ, ನೋಡ್ಕಳ್ಳಿ!" ಎಂದು ಕೂಗಿದಳು. ರೈಲು ಹಾದುಹೋಗುವಾಗಲೂ ಅವಳು ಕೂಗುತ್ತಲೇ ಇದ್ದಳು.

ಗೇಟು ತೆರೆಯುವ ಹೊತ್ತಿಗೆ ಜೀಪು ಹಿಂದಕ್ಕೆ ತಿರುಗಿತ್ತು. ಗಾಡಿಯವರಲ್ಲೊಬ್ಬ, ಪುಟ್ಟಸ್ವಾಮಿ ಎಂಬುವನು, ಎತ್ತುಗಳನ್ನು ಬೇರೆಯವರಿಗೆ ಒಪ್ಪಿಸಿ ಮಂಡ್ಯದವರೆಗೂ ವ್ಯಾನಿನಲ್ಲೇ ಬಂದ.

ಮರುದಿನ ಪೊಲೀಸರು ಹೋದಾಗ ಛತ್ರದ ಹಿಂದಿನ ಕೋಣೆಯಲ್ಲಿ, ಬೊಂಬಾಯಿಗೆ ಸಾಗಿಸಲು ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬಿದ್ದ ಕಲ್ಲುಗಳು ಸಿಕ್ಕವು. ತಿರುನಾರಾಯಣರಿಗೆ ಕಳವಿನ ಮಾಲಿಗಾಗಿ ಶಿಕ್ಷೆಯಾಯಿತು. ಮರಿಸಿದ್ದಯ್ಯ ಮಾತ್ರ ಅಂದು ಸಂಜೆ ತಪ್ಪಿಸಿಕೊಂಡವನು ಯಾರ ಕೈಗೂ ಸಿಗಲಿಲ್ಲ. ಕೆಂಪಯ್ಯನ ಸಾವಿಗೆ ಸಾಕ್ಷಿ ಹೇಳಲು ಊರಿನಿಂದ ಯಾರೂ ಬರಲಿಲ್ಲ.

ಮಾಸ್ತಿಯಮ್ಮನನ್ನು ಮತ್ತೆ ನಿಲ್ಲಿಸಿದ ದಿನ ವೇದವತಿ, ಸಂಪತ್ ಇಬ್ಬರೂ ಹೋಗಿದ್ದರು. "ಆ ಮರಿಸಿದ್ದಯ್ಯ ಮತ್ತೆ ಬಂದರೆ? ನಮ್ಮ ಜೊತೆ ಮೈಸೂರಿಗೆ ಬಂದ್ಬಿಡು ಮಾಯಮ್ಮ," ಎಂದು ವೇದವತಿ ಕೇಳಿಕೊಂಡಳು.

ಮಾಯಮ್ಮ ಕಾಡಿನ ಕಡೆಗೊಮ್ಮೆ ನೋಡಿದಳು. "ಬತ್ತಾನೆ. ಮೊನ್ನೆ ಹಳ್ಳದ ತಾವ ಕಂಡಂಗಾಯ್ತು," ಎಂದಳು. "ನಾನ್ ಓಗ್ಬುಟ್ರೆ ಮಿಕ್ಕಿದ್ ಕಲ್ಲೂ ಓಯ್ತವೆ ಕಣವ್ವ. ನೀವು ಹೊತ್ತು ಮುಳುಗೋಕ್ ಮುಂಚೇನೆ ಒಂಟೋಗಿ."